ನಾನು ಕತ್ತರಿಸಿದ ‘ಬರತೇನಿ’

ಮೊಬೈಲ್ ಆ್ಯಪ್‌ಗಳನ್ನು ತಯಾರಿಸುವ ಕೆಲಸಕ್ಕೆ ಈಗ ಸೇರುತ್ತಿರುವವರು ಓದಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಈ ಮೊದಲ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಬೇಕಾದ ಸಂಗತಿಗೂ ಆ ತಿದ್ದುವ ಅಭ್ಯಾಸಕ್ಕೂ ಸಂಬಂಧವಿದೆ. ವಡಗಾವಿಯ ನೇಕಾರರ ಮನೆಯಲ್ಲಿ ಹುಟ್ಟಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಒಂದು ಮಾತು ತಪ್ಪಾಗಿ ಬಂದರೂ ಯಾರಾದರೂ ನನ್ನನ್ನು ಮರಳಿ ಮಗ್ಗದ ಕುಣಿಗೆ ಇಳಿಸಿಬಿಡುತ್ತಾರೆ ಎಂಬ ಅಂಜಿಕೆ ನನ್ನನ್ನು ನಿವೃತ್ತಿಯ ದಿನದವರೆಗೂ ಬಿಡಲಿಲ್ಲ.

ನನಗೆ ಸಿಕ್ಕ ಬಡ್ತಿಗಳ ವಿಷಯ ಹೇಳುವಷ್ಟು ದೊಡ್ಡದಲ್ಲ. ಟಿಳಕವಾಡಿಯಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಚೇರಿಯಲ್ಲಿ ನಾನು ಪರೀಕ್ಷಕಿಯಾಗಿದ್ದೆ. ಬೇರೆಯವರು ಕಟ್ಟಿದ ಆ್ಯಪನ್ನು ಒತ್ತಿ, ಎಳೆದು, ಕೆಡಿಸಿ ನೋಡುವುದು, ಅದರಲ್ಲಿಯ ಕನ್ನಡವನ್ನು ತಿದ್ದುವುದು ನನ್ನ ಕೆಲಸ. ಅದಕ್ಕೂ ಮುಂಚೆ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುತ್ತಿದ್ದೆ. ಕಚೇರಿಯ ಮಾಲೀಕರಾದ ಪಾಟೀಲ ಸರ್ ನನ್ನ ಕೈಬರಹ ನೋಡಿಯೇ ಕರೆದುಕೊಂಡರು. “ಶಾಂತಾಬಾಯಿ, ನಿಮ್ಮ ಕನ್ನಡ ಬಂಗಾರದಂಗ ಐತ್ರಿ,” ಎಂದಿದ್ದರು. ಆ ಮಾತನ್ನು ನಾನು ಬಹಳ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ಕಾಲದಲ್ಲಿ ನಮ್ಮ ಮೇಜಿನ ಖಾನೆಯಲ್ಲಿ ಹತ್ತಾರು ಹಳೆಯ ಫೋನುಗಳಿರುತ್ತಿದ್ದವು. ಎಲ್ಲಕ್ಕಿಂತ ನಿಧಾನವಾದ, ಗಾಜು ಒಡೆದ ಒಂದು ಫೋನಿಗೆ ನಾವು ‘ಅಜ್ಜ’ ಎಂದು ಹೆಸರಿಟ್ಟಿದ್ದೆವು. ಯಾವ ಆ್ಯಪ್ ಸಿದ್ಧವಾದರೂ ಪಾಟೀಲ ಸರ್ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಅಜ್ಜ ಏನಂತಾನ?” ಅಜ್ಜನಲ್ಲಿ ಓಡಿದ್ದು ಎಲ್ಲ ಕಡೆ ಓಡುತ್ತದೆ ಎಂಬುದು ನಮ್ಮ ನಂಬಿಕೆ. ಮಕ್ಕಳಿಗಾಗಿ ಮಾಡಿದ ಪದಗಳ ಆಟವೊಂದರಲ್ಲಿ ಅಕ್ಷರಗಳು ಮೇಲಿನಿಂದ ಉದುರಬೇಕಿತ್ತು. ಅಜ್ಜನಲ್ಲಿ ಒತ್ತಕ್ಷರ ಕಳಚಿಕೊಂಡು ಮೊದಲೇ ನೆಲ ಮುಟ್ಟುತ್ತಿತ್ತು, ಮೂಲಾಕ್ಷರ ಆಮೇಲೆ ಬರುತ್ತಿತ್ತು. ಅದನ್ನು ಸರಿಪಡಿಸಲು ಎರಡು ವಾರ ಬೇಕಾಯಿತು. ಒಂದು ತಿದ್ದುಪಡಿ ಮಾಡಿ ಆ್ಯಪನ್ನು ಮತ್ತೆ ಕಟ್ಟಿ ಫೋನಿಗೆ ಇಳಿಸುವಷ್ಟರಲ್ಲಿ ಕೆಳಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಆ ನಿಧಾನದಲ್ಲಿ ಒಂದು ಲಾಭವಿತ್ತು. ಚಹಾ ಕುಡಿಯುವಾಗ ಯಾರಾದರೂ ಒಬ್ಬರಿಗೆ ತಪ್ಪು ಹೊಳೆಯುತ್ತಿತ್ತು.

ನನ್ನ ಮೊದಲ ದೊಡ್ಡ ಪ್ರಮಾದ ಎರಡು ಗುಂಡಿಗಳದ್ದು. ಶಾಲೆಗಳಿಗಾಗಿ ಮಾಡಿದ ಆ್ಯಪ್‌ನಲ್ಲಿ ಒಂದು ಗುಂಡಿಯ ಮೇಲೆ ‘ಉಳಿಸಿ’ ಎಂದೂ ಪಕ್ಕದ ಗುಂಡಿಯ ಮೇಲೆ ‘ಅಳಿಸಿ’ ಎಂದೂ ನಾನೇ ಬರೆಸಿದ್ದೆ. ಎರಡೂ ನಿಘಂಟಿನ ಪ್ರಕಾರ ಶುದ್ಧ. ಸಣ್ಣ ಪರದೆಯಲ್ಲಿ, ಕನ್ನಡಕವಿಲ್ಲದ ಕಣ್ಣಿಗೆ ಎರಡೂ ಒಂದೇ. ಕಾಕತಿ ಕಡೆಯ ಶಿಕ್ಷಕಿಯೊಬ್ಬರು ಮಕ್ಕಳ ವರ್ಷದ ಅಂಕಗಳನ್ನೆಲ್ಲ ತುಂಬಿ, ಕೊನೆಗೆ ತಪ್ಪು ಗುಂಡಿ ಒತ್ತಿದರು. ಅವರು ನೇರವಾಗಿ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತರು.

“ಅಳಿಸಿ ಅಂತ ಬರದೀರಿ ಬಾಯಾರ. ಖರೇನ ಅಳಿಸಿದ್ರಿ ನೋಡ್ರಿ,” ಎಂದರು. ನಗುತ್ತಲೇ ಹೇಳಿದರು, ಆದರೆ ಕಣ್ಣುಗಳು ಕೆಂಪಾಗಿದ್ದವು.

ಗುಂಡಿಗಳನ್ನು ‘ಇಟ್ಟುಕೊಳ್ಳಿ’, ‘ತೆಗೆದುಹಾಕಿ’ ಎಂದು ಬದಲಿಸಿದೆವು. ಶುದ್ಧವಾದ ಮಾತು ಬಳಸುವವರ ಕೈಯಲ್ಲಿ ತಪ್ಪಾಗಬಹುದು ಎಂಬ ಪಾಠ ಅಲ್ಲಿತ್ತು. ನಾನು ಕಲಿತದ್ದು ಮಾತ್ರ, ಒಂದರಂತೆ ಒಂದು ಕಾಣುವ ಪದಗಳನ್ನು ಪಕ್ಕಪಕ್ಕದಲ್ಲಿ ಇಡಬಾರದು ಎಂಬಷ್ಟನ್ನೇ.

ಆಮೇಲೆ ಉಪಕರಣಗಳು ಬದಲಾದವು. ಮೊದಲು, ತಿದ್ದಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಕಾಣುವಂಥವು ಬಂದವು. ಎಲ್ಲ ಬಗೆಯ ಫೋನುಗಳೂ ಗಣಕಯಂತ್ರದೊಳಗೇ ಚಿತ್ರಗಳಾಗಿ ಸೇರಿಕೊಂಡವು. ಖಾನೆಯಲ್ಲಿದ್ದ ಅಜ್ಜನ ಬ್ಯಾಟರಿ ಉಬ್ಬಿತೆಂದು ಒಂದು ದಿನ ಅವನನ್ನು ಗುಜರಿಗೆ ಕೊಟ್ಟೆವು. ಕೊನೆಗೆ, ಏನು ಬೇಕೆಂದು ಸಾಧಾರಣ ಮಾತಿನಲ್ಲಿ ಹೇಳಿದರೆ ತಾನೇ ಪ್ರೋಗ್ರಾಂ ಬರೆಯುವ, ಬರೆದದ್ದನ್ನು ತಾನೇ ಪರೀಕ್ಷಿಸಿ ಹಸಿರು ಗುರುತು ಹಾಕುವ ಉಪಕರಣ ಬಂತು. ಆರು ಮೇಜುಗಳಿದ್ದ ಕಚೇರಿಯಲ್ಲಿ ಮೂರು ಉಳಿದವು. ಪಾಟೀಲ ಸರ್, ವಿನಾಯಕ ಎಂಬ ತರುಣ ಪ್ರೋಗ್ರಾಮರ್ ಮತ್ತು ನಾನು. ನನ್ನನ್ನು ಉಳಿಸಿದ್ದು ನನ್ನ ಕನ್ನಡ ಎಂದು ಪಾಟೀಲ ಸರ್ ಬಾಯಿಬಿಟ್ಟೇ ಹೇಳಿದರು.

ವಿನಾಯಕನಿಗೆ ಹೊಸ ಉಪಕರಣವೆಂದರೆ ಜೀವ. “ಅಕ್ಕಾರ, ಇನ್ ಮ್ಯಾಲ ನಾವು ಬರಿಯೂದು ಬ್ಯಾಡ. ಹೇಳೂದು ಅಷ್ಟ,” ಎಂದ.

“ತಪ್ಪಾದ್ರ ಯಾರನ್ನ ಬೈಯೂದೋ ವಿನಾಯಕಾ?”

“ಹೇಳಿದವರನ್ನರಿ. ಮತ್ಯಾರನ್ನ?” ಎಂದು ನಕ್ಕ. ನಾನೂ ನಕ್ಕೆ.

ಆ ವರ್ಷವೇ ನಮಗೆ ಒಂದು ಧರ್ಮಾರ್ಥ ಸಂಸ್ಥೆಯ ಕೆಲಸ ಬಂತು. ಖಾನಾಪುರದ ಕಾಡಂಚಿನ ಊರುಗಳ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆತರಲು ಅವರ ಬಳಿ ಎರಡು ಗಾಡಿಗಳಿದ್ದವು. ಅದುವರೆಗೆ ಒಬ್ಬ ಹೆಣ್ಣುಮಗಳು ಕುಳಿತು ಫೋನು ಎತ್ತುತ್ತಿದ್ದಳು. ಅವಳು ಕೆಲಸ ಬಿಟ್ಟ ಮೇಲೆ, ಯಂತ್ರವೇ ಕರೆ ಎತ್ತಿ, ಮಾತು ಕೇಳಿಸಿಕೊಂಡು, ಚಾಲಕನ ಫೋನಿನಲ್ಲಿದ್ದ ಆ್ಯಪ್‌ಗೆ ಸೂಚನೆ ಕಳುಹಿಸುವ ವ್ಯವಸ್ಥೆ ಬೇಕೆಂದರು. ಎರಡು ಗಾಡಿಗಳನ್ನು ಎಲ್ಲ ಊರುಗಳಿಗೆ ಹೊಂದಿಸಬೇಕಾದ್ದರಿಂದ, ಸ್ವಂತ ವಾಹನ ಇದ್ದವರು ತಾವೇ ಬರಲಿ ಎಂಬುದು ಸಂಸ್ಥೆಯ ಕೋರಿಕೆ. ಹಾಗಾಗಿ ಯಂತ್ರ ಒಂದು ಪ್ರಶ್ನೆ ಕೇಳುತ್ತಿತ್ತು: “ವಾಹನವನ್ನು ಕಳುಹಿಸಬೇಕೇ ಅಥವಾ ನೀವೇ ಬರುತ್ತೀರಾ?” ಉತ್ತರದಲ್ಲಿ ‘ಕಳುಹಿಸಿ’ ಎಂಬರ್ಥದ ಮಾತು ಸಿಕ್ಕರೆ ಚಾಲಕನಿಗೆ ಸೂಚನೆ. ‘ಬರುತ್ತೇವೆ’ ಎಂಬರ್ಥದ ಮಾತು ಸಿಕ್ಕರೆ ಸೂಚನೆ ಇಲ್ಲ. ಎರಡೂ ಸಿಕ್ಕರೆ ಕೊನೆಯದನ್ನು ಹಿಡಿಯಬೇಕು, ಏಕೆಂದರೆ ಜನ ಮಾತಾಡುತ್ತಾ ಮನಸ್ಸು ಬದಲಿಸುತ್ತಾರೆ. ಈ ನಿಯಮವನ್ನು ಉಪಕರಣ ಸೂಚಿಸಿತು, ವಿನಾಯಕ ಒಪ್ಪಿದ, ನಾನು ಸಹಿ ಮಾಡಿದೆ.

ಯಂತ್ರಕ್ಕೆ ಇಲ್ಲಿಯ ಧ್ವನಿಗಳನ್ನು ಕೇಳಿಸಬೇಕಿತ್ತು. ಆ ಭಾರ ನನ್ನದು. ವಡಗಾವಿಯ ನಮ್ಮ ಓಣಿಯ ಹತ್ತು ಹನ್ನೆರಡು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ನಾನು ಬರೆದುಕೊಟ್ಟ ಉತ್ತರಗಳನ್ನು ಹೇಳಿಸಿ ಧ್ವನಿ ಮುದ್ರಿಸಿಕೊಂಡೆ. ಓದು ಬಾರದವರಿಗೆ ನಾನೇ ಹೇಳಿಕೊಟ್ಟೆ. ಅವರಲ್ಲಿ ನನ್ನವ್ವನೂ ಇದ್ದಳು.

“‘ದಯವಿಟ್ಟು ವಾಹನವನ್ನು ಕಳುಹಿಸಿ’ ಅಂತ ಅನ್ನು, ಅವ್ವಾ.”

“ಹಂಗ ಯಾರ ಅಂತಾರ? ಗಾಡಿ ಕಳಸ್ರೆಪಾ ಅಂತೇನಿ ನಾ.”

“ನೀ ನಾ ಹೇಳಿದ್ದನ್ನ ಅನ್ನು.”

“ನನ್ನ ಮಾತು ಬ್ಯಾಡಂದ್ರ ನನ್ನ ಕರದಿ ಯಾಕ? ಆ ಟಿವಿ ಒಳಗ ಮಾತಾಡಾಕಿನ್ನ ಕರಿಬೇಕಿತ್ತು,” ಎಂದು ಗೊಣಗುತ್ತಲೇ ಹೇಳಿದಳು. ಹೇಳಿ ಮುಗಿಸಿ, ಫೋನಿನ ಕಡೆಗೆ ಬಾಗಿ, “ಹೂಂ, ಬರತೇನ್ರಿ ಹಂಗಾರ,” ಎಂದಳು.

ನಮ್ಮ ಕಡೆ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ. ಅದು ಕೇಡಿನ ಮಾತು. ಮತ್ತೆ ಬರುವೆನೆಂಬ ಅರ್ಥದಲ್ಲಿ ‘ಬರತೇನಿ’ ಎನ್ನುತ್ತಾರೆ. ಖಾನಾಪುರದ ಮರಾಠಿ ಮನೆಗಳಲ್ಲೂ ಎದ್ದು ಹೊರಟವರು ‘ಯೇತೇ’ ಎಂದೇ ಹೇಳುವುದು, ಅದರ ಅರ್ಥವೂ ಅದೇ. ಈಗಿನವರು ಫೋನಿನಲ್ಲಿ ‘ಇಡತೇನಿ’ ಎನ್ನುತ್ತಾರೆ. ಹಿರಿಯರಿಗೆ ಅದೂ ಒಗ್ಗುವುದಿಲ್ಲ. ಎದುರಿನ ಅಂಗಳದಿಂದ ಎದ್ದು ಬಂದಂತೆಯೇ ಫೋನಿಗೂ ‘ಬರತೇನಿ’ ಹೇಳುತ್ತಾರೆ. ಆ ಹೆಂಗಸರಲ್ಲಿ ಬಹುತೇಕರು, ನಾನು ಕೊಟ್ಟ ವಾಕ್ಯ ಮುಗಿದ ಮೇಲೆ ತಾವಾಗಿಯೇ ಅದನ್ನು ಸೇರಿಸಿದ್ದರು.

ಆ ಬಾಲಗಳನ್ನೆಲ್ಲ ನಾನು ಕತ್ತರಿಸಿದೆ. ಒಂದೊಂದು ಧ್ವನಿಮುದ್ರಣವನ್ನೂ ತೆರೆದು, ವಾಕ್ಯದ ಕೊನೆಯ ಅಕ್ಷರದ ನಂತರ ಗೆರೆ ಎಳೆದು, ಉಳಿದದ್ದನ್ನು ತೆಗೆದುಹಾಕಿದೆ. ಪಾಟೀಲ ಸರ್ ಕೇಳಿದರೆ ಒರಟಾಗಿ ಕಾಣಬಾರದು, ಸಂಸ್ಥೆಯವರು ಕೇಳಿದರೆ ಇವಳು ಯಾವ ಓಣಿಯವಳು ಎನ್ನಬಾರದು. ವಿನಾಯಕ ಒಮ್ಮೆ ಹಿಂದೆ ನಿಂತು ನೋಡಿ, “ಅಕ್ಕಾರ, ಅದೂ ಇರಲಿ ಬಿಡ್ರಲಾ,” ಎಂದಿದ್ದ. “ಅದು ಉತ್ತರವಲ್ಲ, ಗದ್ದಲ,” ಎಂದು ನಾನು ಪುಸ್ತಕದ ಕನ್ನಡದಲ್ಲೇ ಉತ್ತರಿಸಿದೆ. ತಾವೇ ಬರುತ್ತೇವೆ ಎಂದವರಿಗೆ ಕರೆಯ ಕೊನೆಗೆ ಯಂತ್ರ ಹೇಳಬೇಕಾದ ಮಾತಿಗೆ ಅವನು ‘ನಿಮ್ಮ ದಾರಿ ಕಾಯುತ್ತೇವೆ’ ಎಂದು ಬರೆದಿದ್ದ. ಅದನ್ನೂ ಹೊಡೆದು, ‘ತಮ್ಮ ಆಗಮನವನ್ನು ನಿರೀಕ್ಷಿಸುತ್ತೇವೆ’ ಎಂದು ಮಾಡಿದೆ. ಪರೀಕ್ಷೆಗಳಿಗೆಲ್ಲ ಹಸಿರು ಗುರುತು ಬಿತ್ತು. ಪರೀಕ್ಷಿಸಿದ್ದು ನಾನು ಕತ್ತರಿಸಿಕೊಟ್ಟ ಧ್ವನಿಗಳಿಂದಲೇ ಆದ್ದರಿಂದ ಬೇರೆ ಬಣ್ಣ ಬೀಳುವ ಸಂಭವವಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ, ಖಾನಾಪುರದ ಒಳಗಿನ ಒಂದು ಊರಿನಿಂದ ಬಾಳವ್ವ ಎಂಬ ಹೆಂಗಸು ಕರೆ ಮಾಡಿದಳು. ಸೊಸೆ ರೇಣುಕಾಗೆ ಹೆರಿಗೆ ನೋವು ಶುರುವಾಗಿತ್ತು. ಮಗ ಮಾರುತಿ ಕೆಲಸಕ್ಕೆ ಹೋಗಿದ್ದ. ಆ ಮುದ್ರಣವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಇಲ್ಲಿ ಬರೆಯಲು ಮತ್ತೆ ತೆರೆಯಬೇಕಿಲ್ಲ.

“ಗಾಡಿ ಕಳಸ್ರಿ. ಲಗೂನ ಕಳಸ್ರೆಪಾ, ಹುಡುಗಿ ಭಾಳ ತ್ರಾಸ ಮಾಡ್ಕೊಳಾಕತ್ತಾಳ. ಹೂಂ. ಬರತೇನ್ರಿ ಹಂಗಾರ.”

ಯಂತ್ರ ಕೊನೆಯ ಮಾತು ಹಿಡಿಯಿತು. ‘ತಮ್ಮ ಆಗಮನವನ್ನು ನಿರೀಕ್ಷಿಸುತ್ತೇವೆ’ ಎಂದಿತು. ‘ಆಗಮನ’, ‘ನಿರೀಕ್ಷೆ’ ಎರಡೂ ಬಾಳವ್ವನಿಗೆ ತಿಳಿಯಲಿಲ್ಲ. ಇಷ್ಟು ಮರ್ಯಾದೆಯಿಂದ ಮಾತಾಡಿದ್ದಾರೆಂದ ಮೇಲೆ ಗಾಡಿ ಹೊರಟಿದೆ ಎಂದೇ ತಿಳಿದಳು. ಸೊಸೆಯನ್ನು ನಡೆಸಿಕೊಂಡು ರಸ್ತೆಗೆ ಬಂದು, ಮರದ ಕೆಳಗೆ ಕೌದಿ ಹಾಸಿ ಕೂರಿಸಿದಳು. ಮೂರು ತಾಸು ಕಾದರು. ಗಾಡಿ ಖಾನಾಪುರದಲ್ಲಿ ಖಾಲಿ ನಿಂತಿತ್ತು. ಕಡೆಗೆ ಕಟ್ಟಿಗೆ ಸಾಗಿಸುವ ಟೆಂಪೋ ಒಂದರಲ್ಲಿ ಕರೆದೊಯ್ದರು. ರೇಣುಕಾ ಉಳಿದಳು. ಕೂಸು ಉಳಿಯಲಿಲ್ಲ.

ಸಂಸ್ಥೆಯವರು ವಿವರಣೆ ಕೇಳಿದರು. ಮುದ್ರಣವನ್ನು ನಾವು ಮೂವರೂ ಕೂಡಿ ಕೇಳಿದೆವು. ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅದರಲ್ಲಿ ನಮಗೆ ತಿಳಿಯದ ಒಂದು ಪದವೂ ಇರಲಿಲ್ಲ.

ಪಾಟೀಲ ಸರ್, “ಬರತೇನಿ ಅಂದಾಳಲ್ಲ. ರೆಕಾರ್ಡಿನಾಗ ಐತಿ. ನಾವೇನ ಸುಳ್ಳು ಬರಿಯಾಕತ್ತಿಲ್ಲ,” ಎಂದರು. ಒಂದು ವಾಕ್ಯ ಬರೆದು ನನ್ನ ಮುಂದೆ ಇಟ್ಟರು: ‘ಕರೆ ಮಾಡಿದ ಮಹಿಳೆಯು ತಾನೇ ಬರುವುದಾಗಿ ಸ್ಪಷ್ಟವಾಗಿ ತಿಳಿಸಿರುತ್ತಾಳೆ.’

“ಕನ್ನಡ ಒಮ್ಮೆ ನೋಡಿ ಸಹಿ ಮಾಡ್ರಿ ಶಾಂತಾಬಾಯಿ.”

ನೋಡಿದೆ. ‘ತಾನೇ’ ಎಂಬುದನ್ನು ‘ತಾವೇ’ ಎಂದೂ ‘ತಿಳಿಸಿರುತ್ತಾಳೆ’ ಎಂಬುದನ್ನು ‘ತಿಳಿಸಿರುತ್ತಾರೆ’ ಎಂದೂ ತಿದ್ದಿದೆ. ಗೌರವವಾಚಕ ಬಹುವಚನ ಹಾಕಿ, ಕೆಳಗೆ ಸಹಿ ಮಾಡಿದೆ. ನನಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಕತ್ತರಿಸಿದ್ದೇನೆಂದು ಹೇಳಿದರೆ, ನನ್ನನ್ನು ಉಳಿಸಿದ್ದ ಕನ್ನಡವೇ ನನ್ನನ್ನು ಕೆಲಸದಿಂದ ತೆಗೆಯುತ್ತಿತ್ತು. ಸಂಜೆ ಐದೂವರೆಗೆ ಪಾಟೀಲ ಸರ್ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ದಿನವೂ ಹೇಳುವಂತೆ, “ಬರತೇನ್ರಿ ಶಾಂತಾಬಾಯಿ,” ಎಂದರು. ಹೇಳಿದ ಮೇಲೆ ಅವರಿಗೆ ಅರಿವಾಯಿತು. ತಲೆ ತಗ್ಗಿಸಿಕೊಂಡು ಮೆಟ್ಟಿಲು ಇಳಿದರು.

ವಿನಾಯಕ ಮರುದಿನ ಬೆಳಿಗ್ಗೆ ನಿಯಮ ಬದಲಿಸಿದ. ಹೊಸ ಉಪಕರಣದಲ್ಲಿ ಅದು ಹತ್ತು ನಿಮಿಷದ ಕೆಲಸ. ಅವನು ಅಂದಿನಿಂದ ನನ್ನೊಂದಿಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ. ಕೆಲವು ತಿಂಗಳಿಗೆ ಬೇರೆ ಕಡೆ ಕೆಲಸ ನೋಡಿಕೊಂಡ.

ಬದಲಾದ ವ್ಯವಸ್ಥೆಯನ್ನು ಪರೀಕ್ಷಿಸಲು ಖಾನಾಪುರಕ್ಕೆ ಹೋದಾಗ ಆ ಗಾಡಿಯ ಚಾಲಕ ಸಿಕ್ಕ. ಬಾಳವ್ವನ ವಿಷಯ ನಾನು ಕೇಳಲಿಲ್ಲ, ಅವನೇ ತೆಗೆದ.

“ಊರಾಗ ಆ ಮುದುಕಿನ್ನ ಯಾರೂ ಮಾತಾಡ್ಸಂಗಿಲ್ರಿ ಈಗ. ಗಾಡಿ ಬ್ಯಾಡ ಅಂದ್ಲಂತ. ನಾ ಹಂಗ ಅಂದಿಲ್ಲ ಅಂತ ಆಣಿ ಮಾಡತಾಳ, ಆದ್ರ ಸಂಸ್ಥೆದವರು ಊರಿಗೆ ಕೊಟ್ಟ ಕಾಗದದಾಗ ಬರದೈತೆಲ್ರಿ, ಸ್ಪಷ್ಟ ಹೇಳ್ಯಾರ ಅಂತ. ಮಗ ಒಂದ ಮನ್ಯಾಗಿದ್ರೂ ಮಾತ ಬಿಟ್ಟಾನ. ಸೊಸಿ ತವರಮನಿಗೆ ಹ್ವಾದಾಕಿ ಹೊಳ್ಳಿ ಬಂದಿಲ್ಲ.”

ಬಾಳವ್ವ ಸುಳ್ಳು ಹೇಳುತ್ತಿರಲಿಲ್ಲ. ತಾನು ‘ಬರತೇನಿ’ ಎಂದದ್ದು ಅವಳ ನೆನಪಿನಲ್ಲಿ ಇರಲಿಕ್ಕೇ ಸಾಧ್ಯವಿಲ್ಲ. ಹೊರಡುವಾಗ ಆಡುವ ಮಾತನ್ನು ನಾವು ಯಾರೂ ನೆನಪಿಡುವುದಿಲ್ಲ. ಅಷ್ಟು ತಿಳಿದೂ ನಾನು ಚಾಲಕನಿಗೆ ಏನೂ ಹೇಳದೆ ಬೆಳಗಾವಿಯ ಬಸ್ಸು ಹತ್ತಿದೆ. ಎರಡು ವರ್ಷ ಹಾಗೆಯೇ ಕಳೆದೆ. ಆ ಅವಧಿಯಲ್ಲಿ ಮಾಡಿದ ಆ್ಯಪ್‌ಗಳ ಹೆಸರು ಈಗ ಒಂದೂ ನೆನಪಿಲ್ಲ.

ಐವತ್ತೆಂಟು ತುಂಬಿ ಕಚೇರಿ ಬಿಟ್ಟ ಮರುವಾರ ಒಂದು ಹಾಳೆ ಬರೆದೆ. ನಡೆದದ್ದು ಏನು, ತಪ್ಪು ಯಾರದು, ಬಾಳವ್ವ ಹೇಳಿದ್ದರ ನಿಜವಾದ ಅರ್ಥವೇನು. ಕೆಳಗೆ ಸಹಿ, ದಿನಾಂಕ. ಒಂದು ಪ್ರತಿಯನ್ನು ಸಂಸ್ಥೆಗೆ ಕಳುಹಿಸಿದೆ. ಇನ್ನೊಂದನ್ನು ಚೀಲದಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಬಾಳವ್ವನ ಊರಿಗೆ ಹೊರಟೆ.

ಮಾರುತಿ ಅಂಗಳದಲ್ಲಿ ಮೋಟಾರ್‌ಸೈಕಲ್ ಒರೆಸುತ್ತಿದ್ದ. ಬಾಳವ್ವ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅವರಿಬ್ಬರ ನಡುವೆ ಹತ್ತು ಹೆಜ್ಜೆ ಇತ್ತು. ನಾನು ಯಾರೆಂದು ಹೇಳಿ, ನಿಂತುಕೊಂಡೇ ಹಾಳೆ ಓದಿದೆ. ‘ಸದರಿ ಮಹಿಳೆಯ ಉಕ್ತಿಯನ್ನು ತಪ್ಪಾಗಿ ಅರ್ಥೈಸಲಾದ ಕಾರಣ’ ಎಂಬಲ್ಲಿಗೆ ಬಂದಾಗ ಮಾರುತಿ ಕೈಯಲ್ಲಿದ್ದ ಅರಿವೆ ಕೆಳಗಿಟ್ಟ.

“ಏನಂದ್ರಿ? ತಿಳೀಲಿಲ್ರಿ.”

ಮತ್ತೊಮ್ಮೆ ಓದಲು ಹೊರಟೆ. ಬಾಳವ್ವ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು, ಅಂದು ಯಂತ್ರದ ಮಾತು ಕೇಳಿದಾಗಲೂ ಹೀಗೆಯೇ ನೋಡಿರಬೇಕು. ಹಾಳೆ ಮಡಿಚಿದೆ. ನನ್ನವ್ವನ ಮಾತು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ನಿಮ್ಮವ್ವ ಗಾಡಿ ಬ್ಯಾಡ ಅಂದಿಲ್ಲಪಾ. ಕಳಸ್ರಿ ಅಂದಾಳ. ಎರಡ ಸಲ ಅಂದಾಳ. ಕಡೀಕ ನಾವೆಲ್ಲಾರೂ ಹೊಂಡೂ ಮುಂದ ಅಂತೇವಲ್ಲ, ಬರತೇನಿ ಅಂತ, ಹಂಗ ಅಂದಾಳ. ಮಶೀನು ಅದನ್ನ, ತಾನ ಬರತಾಳ ಅಂತ ತಿಳಕೊಂತು. ಅದಕ್ಕ ತಿಳಿಸಿ ಹೇಳಾಕಿ ನಾ ಇದ್ದೆ. ನಾ ಹೇಳಲಿಲ್ಲ.”

ಮಾರುತಿ ಎದ್ದು ನನ್ನ ಹತ್ತಿರ ಬಂದ.

“ಕಾಗದಾ ಬರದವರು?”

“ಅದಕ್ಕ ಸಹಿ ನಂದು.”

“ನಿಮಗ ಇದು ಯಾವಾಗ ಗೊತ್ತಾತು?”

“ಮೊದಲನೇ ದಿನಾನ ಗೊತ್ತಿತ್ತು.”

ಅವನು ಬೈಯಬಹುದೆಂದು ಕಾದೆ. ಬೈಯಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. “ರೇಣುಕಾಗ ತೋರಸ್ತೇನಿ,” ಎಂದ. ನನಗೆ ಹೇಳಿದನೋ ಅವ್ವನಿಗೆ ಹೇಳಿದನೋ ತಿಳಿಯಲಿಲ್ಲ. ಕಟ್ಟೆಯ ಕಡೆಗೆ ನೋಡಲಿಲ್ಲ. ಮೋಟಾರ್‌ಸೈಕಲ್ ಚಾಲೂ ಮಾಡಿ ಹೊರಟುಹೋದ.

ಈಗ ಈ ಕೆಲಸಕ್ಕೆ ಬರುವವರ ಬಳಿ ನನ್ನ ಕಾಲದಲ್ಲಿ ಊಹಿಸಲೂ ಆಗದ ಉಪಕರಣಗಳಿವೆ. ಹೇಳಿದ್ದನ್ನು ಅವು ಮಾಡುತ್ತವೆ. ನೀವು ನಿಮ್ಮ ಮನೆಯ ಮಾತಿಗೆ ನಾಚಿ ಮುಚ್ಚಿಟ್ಟದ್ದು ಅವುಗಳಿಗೆ ತಿಳಿಯುವುದಿಲ್ಲ, ಕೇಳುವುದೂ ಇಲ್ಲ, ಹಸಿರು ಗುರುತು ಹಾಕಿ ಮುಂದೆ ಹೋಗುತ್ತವೆ. ಇದಕ್ಕಿಂತ ಹೆಚ್ಚಿನ ಬುದ್ಧಿಮಾತು ಹೇಳುವ ಯೋಗ್ಯತೆ ನನಗಿಲ್ಲ.

ಅಂದು ಮಾರುತಿ ಹೊರಟುಹೋದ ಮೇಲೂ ಬಾಳವ್ವ ನನ್ನನ್ನು ಕುಳಿತುಕೊಳ್ಳಲು ಹೇಳಲಿಲ್ಲ. ಅಕ್ಕಿಯಲ್ಲಿಯ ಹರಳು ಹೆಕ್ಕುತ್ತಾ, “ಅಂದಿದ್ದೆ ಹಂಗಾರ,” ಎಂದಳು. “ಅಂದಿಲ್ಲ, ಅಂದಿಲ್ಲ ಅಂತ ಎರಡ ವರ್ಷ ಆಣಿ ಮಾಡೇನಿ. ಅಂದಿದ್ದೆ.”

ನಾನು ಚೀಲ ಎತ್ತಿಕೊಂಡೆ. ಹೊರಡುವಾಗ ಆಡಬೇಕಾದ ಮಾತು ತುಟಿಗೆ ಬಂದು ಅಲ್ಲಿಯೇ ನಿಂತಿತು. ‘ಹೋಗುತ್ತೇನೆ’ ಎನ್ನುವಂತಿರಲಿಲ್ಲ. ಇನ್ನೊಂದನ್ನು ಆ ಮನೆಯ ಅಂಗಳದಲ್ಲಿ ಆಡುವ ಧೈರ್ಯ ನನಗಿರಲಿಲ್ಲ. ಬಾಳವ್ವ ನನ್ನ ಮುಖ ನೋಡಿದಳು, ಅವಳಿಗೆ ತಿಳಿಯಿತು.

“ಅನ್ರಿ,” ಎಂದಳು. “ನಾ ಮನಷ್ಯಾಳ ಅದೇನಿ. ನನಗ ತಿಳೀತೈತಿ.”

“ಬರತೇನ್ರಿ,” ಎಂದೆ.

ಅದಕ್ಕೆ ‘ಹೋಗಿ ಬರ್ರಿ’ ಎಂದು ಹೇಳಬೇಕು. ಬಾಳವ್ವ ಹೇಳಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.